ಫ್ಲೋರಿನ್‌ನ ಕೆಳಗಿನ ಮನೆ

ಈಶಪ್ಪ ಮೂರು ಶನಿವಾರ ಬರಲಿಲ್ಲ. ಪರೀಕ್ಷೆಯ ನೀರಿನ ಬಾಟಲಿಗಳು ಮಾತ್ರ ಬಂದವು. ಜವಾನ ತಾಯಪ್ಪ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಬಂದು, "ಮೇಡಮ್ಮಾರ, ನೀರು ಕಳಸ್ಯಾರ ನೋಡ್ರಿ" ಎಂದು ಲ್ಯಾಬಿನ ಮೇಜಿನ ಮೇಲಿಟ್ಟು ಹೋಗುತ್ತಿದ್ದ.

ಸುರಪುರದ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ದೇವಕಮ್ಮನಿಗೆ ಕಾರಣ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದಳು, ಅನ್ನಿ. ಕೊನೆಯ ಸಲ ಬಂದಾಗ ಅವನು ಏನೋ ಹೇಳಿ ನಗಿಸಿದ್ದ. ಸೆರಗು ಬಾಯಿಗೆ ಬರುವುದು ಅರೆಗಳಿಗೆ ತಡವಾಗಿತ್ತು. ಹಲ್ಲು ನೋಡಿಬಿಟ್ಟ, ಮುಗಿಯಿತು ಕಥೆ.

ಅವಳ ಹಲ್ಲಿನ ಮೇಲೆ ಕಂದು ಪಟ್ಟಿಗಳಿದ್ದವು. ಕಕ್ಕೇರಾ ಕಡೆಯ ಅವಳ ಹಳ್ಳಿಯಲ್ಲಿ ಕೈಪಂಪಿನ ನೀರು ಕುಡಿದು ಬೆಳೆದ ಎಷ್ಟೋ ಮಂದಿಗೆ ಹೀಗೇ, ನೀರಿನಲ್ಲಿ ಫ್ಲೋರೈಡ್ ಇತ್ತು. ತಂಗಿ ಹುಟ್ಟುವ ಹೊತ್ತಿಗೆ ಕಾಲುವೆಯ ನೀರು ನಲ್ಲಿಗೆ ಬಂದಿತ್ತು, ಆ ಪುಣ್ಯವಂತೆಯ ಹಲ್ಲು ಬೆಳ್ಳಗೆ ಹೊಳೆಯುತ್ತವೆ. ಅಕ್ಕ ಮಾತ್ರ ನಗು ಬಂದಾಗಲೆಲ್ಲ ಮೂಗು, ಬಾಯಿ ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಳ್ಳುವುದನ್ನು ರೂಢಿ ಮಾಡಿಕೊಂಡಳು.

ಈಶಪ್ಪ ಊರಿನ ನೀರಿನ ಟ್ಯಾಂಕಿನಲ್ಲಿ ಕಾಲುವೆ ನೀರಿಗೆ ಬ್ಲೀಚಿಂಗ್ ಪೌಡರ್ ಬೆರೆಸುವವನು. ಶನಿವಾರ ಹಳ್ಳಿಗಳ ನೀರು ತಂದು ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷಿಸುತ್ತಿದ್ದ. ಕೆಂಪು ದ್ರಾವಣದ ಹನಿ ಬಿಟ್ಟರೆ, ಫ್ಲೋರೈಡ್ ಹೆಚ್ಚಿದ್ದ ನೀರಿನಲ್ಲಿ ಕೆಂಪು ಮಾಯವಾಗಿ ಹಳದಿಯಾಗುತ್ತಿತ್ತು. ಇಬ್ಬರೂ ಒಂದೇ ಗಾಜಿನ ನಳಿಕೆಯ ಮೇಲೆ ಬಾಗಿ ಕಾಯುತ್ತಿದ್ದರು.

"ಹಳದಿ ಆತೇನ್ರಿ?" ಎನ್ನುತ್ತಿದ್ದ ಅವನು.

"ಇನ್ನೂ ಇಲ್ರಿ. ಅವಸರ ಮಾಡಬ್ಯಾಡ್ರಿ."

"ನನಗೇನ್ ಅವಸರ ಇಲ್ರಿ. ಸಂಜೀತನಕ ಆಗದಿದ್ರೂ ಚಲೋನ ಆತು."

ಅವಳಿಗೆ ನಗು, ಸೆರಗು ಮುಖಕ್ಕೆ. ಮೊದಮೊದಲು ಪಕ್ಕದಲ್ಲೇ ನಿಲ್ಲುತ್ತಿದ್ದವನು ಬರಬರುತ್ತಾ ಮೇಜಿನ ಮೂಲೆಗೆ ಸರಿದ, ಆಮೇಲೆ ಕಿಟಕಿಗೆ. ಈಗ ಬರುವುದನ್ನೇ ಬಿಟ್ಟ. ಶನಿವಾರದ ಮಧ್ಯಾಹ್ನಗಳು ಅವಳಿಗೆ ಕಳೆಯಲಾರದಷ್ಟು ಉದ್ದವಾದವು.

ಸೋಮವಾರ ಸೆಕೆಂಡ್ ಪಿಯು ತರಗತಿಯಲ್ಲಿ ಪಿ-ಬ್ಲಾಕ್ ಪಾಠ. ಆವರ್ತ ಕೋಷ್ಟಕದ ಹದಿನೇಳನೆಯ ಗುಂಪನ್ನು ಬೋರ್ಡಿನ ಮೇಲೆ ಮೇಲಿಂದ ಕೆಳಗೆ ಬರೆದು ಹೇಳಿದಳು: "ಬಂಧದಲ್ಲಿರುವ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆಯುವುದರಲ್ಲಿ ಫ್ಲೋರಿನ್‌ಗೆ ಸಮ ಯಾರೂ ಇಲ್ಲ. ಕೆಳಗಿಳಿದಂತೆ ಪರಮಾಣು ದೊಡ್ಡದಾಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಆದರೆ ಹೊರಗಿನಿಂದ ಹೊಸ ಎಲೆಕ್ಟ್ರಾನ್ ಬಂದು ಸೇರಿದಾಗ ಹೆಚ್ಚು ಶಕ್ತಿ ಹೊರಬರುವುದು ಅದರ ಕೆಳಗಿನ ಮನೆಯ ಕ್ಲೋರಿನ್‌ನಲ್ಲಿ. ಫ್ಲೋರಿನ್ ತೀರಾ ಚಿಕ್ಕದು. ಒಳಗಿನ ಎಲೆಕ್ಟ್ರಾನುಗಳೇ ಇಕ್ಕಟ್ಟಿನಲ್ಲಿದ್ದು, ಬಂದದ್ದನ್ನು ದೂರ ತಳ್ಳುತ್ತವೆ."

ಮುಂದಿನ ಬೆಂಚಿನ ಚಂದಮ್ಮ ಎದ್ದು ನಿಂತಳು. "ಮೇಡಮ್, ತಾನ ಎಳಕೊಳ್ಳೋದು, ತಾನ ದೂಡೋದು. ಇದೆಂಥಾದ್ರೀ ಇದು?"

ತರಗತಿಯೆಲ್ಲ ನಕ್ಕಿತು. ದೇವಕಮ್ಮ ಚಾಕ್‌ಪೀಸ್ ಕೆಳಗಿಟ್ಟು ಬೋರ್ಡಿನ ಕಡೆ ತಿರುಗಿದಳು. ತಾನು ಹಲ್ಲು ಮುಚ್ಚಿಕೊಂಡದ್ದು ತನಗೆ ಗೊತ್ತು. ಎದುರಿಗಿದ್ದವನು ಅದನ್ನು ಏನೆಂದು ತಿಳಿದಿರಬಹುದು? ಇಷ್ಟು ವರ್ಷ ಈ ಪ್ರಶ್ನೆಯನ್ನು ಅವಳು ಕೇಳಿಕೊಂಡೇ ಇರಲಿಲ್ಲ.

ಸಂಜೆ ನೀರಿನ ಪರೀಕ್ಷೆಯ ರಿಪೋರ್ಟು ಹಿಡಿದು ಟ್ಯಾಂಕಿನ ಕಡೆ ನಡೆದಳು. ತಾಯಪ್ಪನ ಕೈಯಲ್ಲಿ ಕಳಿಸಬಹುದಿತ್ತು, ಕಳಿಸಲಿಲ್ಲ.

ಮೊಣಕೈವರೆಗೆ ಬಿಳಿ ಪುಡಿ ಮೆತ್ತಿಕೊಂಡಿದ್ದ ಈಶಪ್ಪ ಅವಳನ್ನು ಕಂಡವನೇ ನಾಲ್ಕು ಹೆಜ್ಜೆ ಹಿಂದೆ ಸರಿದ.

"ಅಲ್ಲೇ ನಿಂದರ್ರಿ ಮೇಡಮ್. ವಾಸನಿ ಬಡೀತೈತಿ."

"ಯಾವ ವಾಸನಿ?"

"ನಂದ್ರಿ. ಕ್ಲೋರಿನ್. ಎರಡು ಸಲ ಜಳಕಾ ಮಾಡಿದ್ರೂ ಹೋಗಂಗಿಲ್ಲ. ನಾ ಬಂದಾಗೊಮ್ಮಿ ಮೂಗಿಗಿ ಸೆರಗ ಹಿಡಕೋತಿದ್ರಿ. ಪಾಪ, ಎಷ್ಟಂತ ತಡಕೊಂತಾರ ಅಂತ ಬರೋದ ಬಿಟ್ಟೆ."

ಅವಳಿಗೆ ಮೊದಲು ಸಿಟ್ಟು ಬಂತು, ಅವನ ಮೇಲಲ್ಲ, ತನ್ನ ಮೇಲೆ. ಅದರ ಹಿಂದೆಯೇ ನಗು ಉಕ್ಕಿತು. ಕೈ ತಾನಾಗಿ ಸೆರಗಿಗೆ ಹೋಯಿತು. ಈಗಲೂ ಮುಚ್ಚಿಕೊಂಡರೆ ಈ ಮನುಷ್ಯ ಇನ್ನೆಂದೂ ಲ್ಯಾಬಿಗೆ ಬರುವುದಿಲ್ಲ. ಸೆರಗು ಬಿಟ್ಟಳು. ಬಾಯಿ ತುಂಬ ನಕ್ಕಳು.

"ನಿಮ್ಮ ಕ್ಲೋರಿನ್ ಅಲ್ರೀ, ನನ್ನ ಫ್ಲೋರಿನ್. ಈ ಹಲ್ಲು ಮುಚ್ಚಿಕೋತಿದ್ದೆ. ನೋಡ್ರಿ."

ಅವನು ಹತ್ತಿರ ಬಂದು ನೋಡಿದ. ಕಣ್ಣು ತಪ್ಪಿಸಲಿಲ್ಲ.

"ಇದಕ್ಕೇನ್ರಿ ನಾ ಮೂರು ವಾರ ಊಟ ಸೇರದ ಕುಂತದ್ದು? ನಮ್ಮವ್ವ ದವಾಖಾನಿಗಿ ನಡಿ ಅಂತ ಗಂಟ ಬಿದ್ದಿದ್ಲು." ಆಮೇಲೆ ಮೆಲ್ಲಗೆ ಹೇಳಿದ: "ನೀರಿಂದ ಬಂದದ್ದು. ನಿಮ್ಮ ತಪ್ಪೇನೈತ್ರಿ ಅದ್ರಾಗ?"

"ಗೊತ್ತೈತ್ರಿ. ನಮ್ಮ ಮಕ್ಕಳಿಗಿ ಹಿಂಗಾಗಂಗಿಲ್ಲ ಬಿಡ್ರಿ. ನೀರು ನೋಡಾಕ ನೀವ ಇದ್ದೀರಲ್ಲ."

ಆಡಿದ ಮೇಲೆ ಆ ಮಾತಿನ ಅರ್ಥ ಅವಳಿಗೇ ಹೊಳೆದು, ಕಿವಿಯ ತನಕ ಬಿಸಿಯೇರಿತು.

"ಯಾರ ಮಕ್ಕಳಿಗಿ ಅಂದ್ರಿ?"

"ಕೇಳಿಸ್ಲಿಲ್ಲೇನ್ರಿ?"

"ಕೇಳಿಸ್ತು. ಇನ್ನೊಮ್ಮಿ ಹೇಳ್ರಿ."

ದೇವಕಮ್ಮ ಇನ್ನೊಮ್ಮೆ ಹೇಳಿದಳು.