ಗೋಡೆಗೆ ಮುಖ ಮಾಡಿ ಹೇಳಿದ್ದು

"ನನ್ನ ಮತ ಎಲ್ಲಿ?"

ಬಾಗಿಲು ತಳ್ಳಿಕೊಂಡು ಬಂದವಳ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಉಳಿ. ಅವಳು ಮರದ ಅಚ್ಚು ಕೆತ್ತುವವಳು. ಉಳಿ ಕೈಯಲ್ಲಿದ್ದದ್ದೇ ಮರೆತುಹೋಗಿತ್ತು. ಮೇಜಿನಾಚೆ ಕುಳಿತಿದ್ದವನು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡ.

"ಮೊದಲು ಅದನ್ನ ಕೆಳಗಿಡಿ. ಆಮೇಲೆ ಜಗಳ ಆಡೋಣ."

ಅವನು ಆ ಮುದ್ರಣಾಲಯದ ಕಂಪ್ಯೂಟರು ನೋಡಿಕೊಳ್ಳುವವನು. ಏನು ತಂದರೂ ಇದಕ್ಕೂ ಅದಕ್ಕೂ ತಾಳೆಯಾಗುತ್ತಾ ಎಂದು ಕೇಳಿ ಕೇಳಿ, ಎಲ್ಲರ ಬಾಯಲ್ಲಿ 'ತಾಳೆರಾಯ' ಆಗಿದ್ದ.

ಮುದ್ರಣಾಲಯಕ್ಕೆ ಯಜಮಾನರಿಲ್ಲ, ದುಡಿಯುವವರೆಲ್ಲ ಸದಸ್ಯರೇ. ಕೈಯಿಂದ ತಿರುಗಿಸುವ ಹಳೆಯ ಅಚ್ಚುಯಂತ್ರವನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂದು ಅಂದು ಮತದಾನ. ಅದು ಹೋದರೆ ಅವಳ ಅಚ್ಚುಗಳು ಒಲೆಗೆ ಸೌದೆ. ಮತದ ಲೆಕ್ಕ ಯಾರೊಬ್ಬರ ಕೈಯಲ್ಲೂ ಇರಬಾರದೆಂದು ಹಲವು ಕಂಪ್ಯೂಟರುಗಳಲ್ಲಿ ಹಂಚಿಟ್ಟ ಲೆಕ್ಕದ ಪುಸ್ತಕವಾದ ಬ್ಲಾಕ್‌ಚೈನ್ ಮೇಲೆ ನಡೆಯುವ ಆ್ಯಪ್ ಒಂದನ್ನು ಆರಿಸಿದ್ದರು. ಪ್ರತಿಯೊಬ್ಬರ ಫೋನಿನಲ್ಲಿರುವ ವ್ಯಾಲೆಟ್ ಎಂಬ ಡಿಜಿಟಲ್ ಕೈಚೀಲಕ್ಕೂ ಮತಚೀಟಿಯಂಥ ಒಂದು ಟೋಕನ್ ಕಳಿಸಿದ್ದ ತಾಳೆರಾಯ, ಅದಿದ್ದವರಿಗಷ್ಟೇ ಮತ.

ಅವಳ ವ್ಯಾಲೆಟ್ ಖಾಲಿ.

ಆ್ಯಪ್ ಆರಿಸಲು ಅವನು ದಿನಗಟ್ಟಲೆ ತೆಗೆದುಕೊಂಡಾಗ, ಮೊಟ್ಟೆಗೆ ಕಾವು ಕೊಡುತ್ತಿದ್ದೀರಾ ಎಂದು ಅವಳು ಸಭೆಯಲ್ಲೇ ಗೇಲಿ ಮಾಡಿದ್ದಳು. ಎಲ್ಲರೂ ನಕ್ಕಿದ್ದರು.

ಅದಕ್ಕೆ ಸೇಡು... ಇಷ್ಟು ಸಣ್ಣ ಮನಸ್ಸಾ ಇವನದು?

ಬೇರೆ ಯಾರಾದರೂ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದಳು. ಇವನು ಮಾಡಿದನಲ್ಲ ಎಂಬುದೇ ಅವಳನ್ನು ಇಲ್ಲಿಯವರೆಗೆ ಓಡಿಸಿಕೊಂಡು ಬಂದಿತ್ತು.

ಅವನು ವಾದಕ್ಕಿಳಿಯಲಿಲ್ಲ. ವ್ಯಾಲೆಟ್ ಹಾಕಿಕೊಟ್ಟದ್ದು ಯಾರು ಎಂದಷ್ಟೇ ಕೇಳಿದ. ಅಕ್ಕ, ಎಂದಳು. ಬಣ್ಣ ಚೆನ್ನಾಗಿದೆ ಎಂದು ಅಕ್ಕ ಆರಿಸಿದ್ದಳು. ಯಾವ ವ್ಯಾಲೆಟ್ ಬೇಕೆಂದು ಇವನು ಕಳಿಸಿದ್ದ ಸೂಚನೆಯನ್ನು ಇಬ್ಬರೂ ಓದಿರಲಿಲ್ಲ.

ಅವನು ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದ.

"ನೋಡಿ, ಟೋಕನ್ ನಿಮ್ಮ ವಿಳಾಸದಲ್ಲೇ ಇದೆ. ಅದಿರೋ ಬ್ಲಾಕ್‌ಚೈನ್ ನೆಟ್‌ವರ್ಕ್ ನಿಮ್ಮ ವ್ಯಾಲೆಟ್‌ಗೆ ಗೊತ್ತಿಲ್ಲ. ಅದಕ್ಕೇ ತೋರಿಸ್ತಿಲ್ಲ."

ಅವಳ ಕಿವಿ ಬಿಸಿಯಾಯಿತು. ಉಳಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಸರಿಯಾದ ವ್ಯಾಲೆಟ್ ಹಾಕಿಕೊಂಡು, ಹಳೆಯದರ ಹನ್ನೆರಡು ಗುಟ್ಟಿನ ಪದಗಳನ್ನು ಅದಕ್ಕೆ ಕೊಟ್ಟರಾಯಿತು ಎಂದ. ಫೋನಿನ ಕವಚದಲ್ಲಿ ಮಡಚಿಟ್ಟಿದ್ದ ಚೀಟಿ ತೆಗೆದು ಅವಳು ಮೊದಲ ಪದ ಹೇಳಲು ಬಾಯಿ ತೆರೆದಳೋ ಇಲ್ಲವೋ, ಅವನು ಕಿವಿ ಮುಚ್ಚಿಕೊಂಡ.

"ಹೇಳ್ಬೇಡಿ! ಅದು ಗೊತ್ತಿದ್ದವರ ಕೈಗೆ ನಿಮ್ಮ ಜುಟ್ಟು ಕೊಟ್ಟ ಹಾಗೆ. ನನಗೂ ಹೇಳಬಾರದು."

ಎದ್ದು ಹೋಗಿ, ತರಗತಿಯಲ್ಲಿ ಶಿಕ್ಷೆಗೊಳಗಾದ ಹುಡುಗನಂತೆ ಗೋಡೆಗೆ ಮುಖ ಮಾಡಿ ನಿಂತ.

ಅವಳು ಒಂದೊಂದೇ ಪದ ಒತ್ತತೊಡಗಿದಳು. ಫೋನು ಒಂದಕ್ಷರಕ್ಕೆ ಒಂದು ಗಳಿಗೆ ಯೋಚಿಸುತ್ತಿತ್ತು.

"ಈ ಮುದಿ ಫೋನಲ್ಲಿ ಇದೆಲ್ಲ ನಡೆಯುತ್ತಾ?"

"ನಡೆಯುತ್ತೆ. ನೋಡಿದೀನಿ."

"ನನ್ನ ಫೋನ್ ನೀವು ಯಾವಾಗ ನೋಡಿದ್ರಿ?"

ಅವನು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದ.

"ಮೇಜಿನ ಖಾನೆ ತೆಗೀರಿ."

ಒಳಗೆ ಅವಳ ಫೋನಿನ ಅವಳಿಯಂಥ ಹಳೆಯ ಫೋನೊಂದಿತ್ತು.

"ರಿಪೇರಿ ಅಂಗಡಿಯಲ್ಲಿ ಹುಡುಕಿ ತಂದೆ," ಎಂದ ಅವನು, ತಿರುಗದೆ. "ಇದರಲ್ಲಿ ಒಂದೊಂದೇ ಆ್ಯಪ್ ಹಾಕಿ ನೋಡಿದೆ. ಆ್ಯಪ್ ತೆರೆದ್ರೆ ವ್ಯಾಲೆಟ್ ಕೈಕೊಡೋದು, ವ್ಯಾಲೆಟ್ ಸರಿಯಾದ್ರೆ ಆ್ಯಪ್ ಮುನಿಸಿಕೊಳ್ಳೋದು. ಬೇರೆಯವರ ಫೋನಲ್ಲಿ ಎಲ್ಲವೂ ನಡೀತಿತ್ತು. ನಿಮ್ಮೊಬ್ಬರ ಮತ ತಪ್ಪಬಾರದು ಅಂತ... ಅದಕ್ಕೇ ಕಾವು ಕೊಡ್ತಾ ಕೂತಿದ್ದು."

ಅವಳ ಬೆರಳು ಕೊನೆಯ ಪದದ ಮೇಲೆ ನಿಂತುಬಿಟ್ಟಿತು.

ನನ್ನೊಬ್ಬಳಿಗಾಗಿ... ನಾನೇ ನಗಿಸಿದ್ದೆನಲ್ಲ ಎಲ್ಲರನ್ನೂ.

ಪದ ಮುಗಿಸಿದಳು. ಟೋಕನ್ ಕಾಣಿಸಿತು. 'ಯಂತ್ರ ಇರಲಿ' ಎಂಬಲ್ಲಿ ಒತ್ತಿದಳು. ಕೊನೆಯ ಮತ ಅವಳದೇ. ತುಸು ಹೊತ್ತಿಗೆ ಪಕ್ಕದ ಕೋಣೆಯಿಂದ ಶಾಯಿ ಬೆರೆಸುವ ಅಜ್ಜಿಯ ಚಪ್ಪಾಳೆ ಕೇಳಿಸಿತು. ಯಂತ್ರ ಉಳಿದಿತ್ತು.

"ತಿರುಗಲಾ?" ಎಂದ ಅವನು.

"ಬೇಡ. ನಿಮಗೊಂದು ಮಾತು ಹೇಳೋದಿದೆ. ಮುಖ ನೋಡಿದ್ರೆ ಬಾಯಿ ಬರಲ್ಲ."

"ಅದು... ನಾನು ಕೇಳಬಹುದಾದ ಮಾತಾ?"

"ನೀವು ಮಾತ್ರ," ಎಂದು ಅವಳು ಗೋಡೆಯ ಬಳಿಗೆ ನಡೆದಳು.