ಒಂದೇ ರಕ್ತದ ಇಬ್ಬರು

“ಮದವಿ ಬ್ಯಾಡಂತ ಹೇಳಿ ಕಳಸಾಕ ನಿನಗ ಮನಸರ ಹೆಂಗ ಬಂತು, ಅಂಬಿಕಾ?”

ವಾಡಿ ಜಂಕ್ಷನ್ನಿನಲ್ಲಿ ಹೈದರಾಬಾದಿನ ರೈಲಿನಿಂದ ಇಳಿದವಳ ಎದುರಿಗೇ ಚೌಡೇಶ ನಿಂತಿದ್ದ. ಶಹಾಬಾದಿನ ಫರಸಿ ಕಲ್ಲಿನ ಗಣಿಯ ಧೂಳು ಅಂಗಿಯ ಮೇಲೆ ಹಾಗೇ ಇತ್ತು. ಕೆಲಸ ಬಿಟ್ಟು ಓಡಿ ಬಂದಿದ್ದ!

ಅಂಬಿಕಾಳ ಸೋದರಮಾವನ ಮಗ. ಅವಳು ತೊಟ್ಟಿಲಲ್ಲಿದ್ದಾಗಲೇ ಇವನಿಗೇ ಎಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು.

“ಬ್ಯಾರೆ ಯಾರರ ಅದಾರೇನು? ಹೇಳಿಬಿಡು. ಸುಮ್ಮ ಹೋಗ್ತೀನಿ.”

‘ಹೌದೆಂದುಬಿಡಲೇ? ಸಿಟ್ಟಾಗಿ ಹೋಗಲಿ... ಆದರೆ ಇವನ ಜೀವ?’

“ಯಾರೂ ಇಲ್ಲ ಮಾವ... ಬಳಿ ಇಡಿಸಿದ ದಿನ ನನ್ನ ಕೈ ನೀಲಿಗಟ್ಟಿದ್ದು ನಿನಗ ಗೊತ್ತಿಲ್ಲ.”

ಅಂದು ದಂಡೋತಿಯ ತನ್ನ ಮನೆಯಲ್ಲಿ ಬಳೆಗಾರ್ತಿ ಅಖ್ತರ ಬೇಗಂ ಹಸಿರು ಬಳೆ ಏರಿಸುತ್ತಿದ್ದಂತೆ ಮುಂಗೈ ತುಂಬ ನೀಲಿ ಕಲೆಗಳು ಎದ್ದಿದ್ದವು. ಆಕೆ ಬಳೆ ಕೆಳಗಿಟ್ಟು, ಉಳಿದ ಹೆಂಗಸರಿಗೆ ಕೇಳಿಸದಂತೆ, “ಬೇಟಿ, ನಾ ಇಷ್ಟು ಒತ್ತೇ ಇಲ್ಲ. ಡಾಕ್ಟರಿಗಿ ತೋರಸು,” ಅಂದಿದ್ದಳು.

“ಅವ್ವಗ ರಕ್ತದ ಕ್ಯಾನ್ಸರ್ ತಂದ ದೋಷ ನನ್ನೊಳಗೂ ಐತಂತ, ಮಾವ.”

“ಕ್ಯಾನ್ಸರ್...?”

“ಇನ್ನಾ ಆಗಿಲ್ಲ. ಎಲುಬಿನೊಳಗ ರಕ್ತ ಹುಟ್ಟಸೋ ತಾಯಿಕಣ ಇರ್ತಾವಂತ. ನನ್ನವು ಯಾವಾಗರ ದಾರಿ ತಪ್ಪಬಹುದು. ತಪಾಸಣಿ ಮಾಡಿಸ್ಕೋತ ಇದ್ದರ, ಕೆಡಾಕ ಸುರು ಆದ ಕೂಡ್ಲೇ ಬ್ಯಾರೇವರ ತಾಯಿಕಣ ಹಾಕಿ, ಕ್ಯಾನ್ಸರ್ ಆಗೋದು ತಡೀಬಹುದಂತ.”

“ಇಷ್ಟಕ್ಕ ನನ್ನ ಬಿಟ್ಟಿ? ಹುಚ್ಚಿ!”

“ಇಷ್ಟೇ ಅಲ್ಲ! ಇದು ಅವ್ವನ ತವರಿಂದ ಬಂದಿದ್ದರ? ನೀ ಅವ್ವನ ಅಣ್ಣನ ಮಗ! ನಿನ್ನೊಳಗೂ ಇದ್ದರ? ನಮಗ ಹುಟ್ಟೋ ಕೂಸಿಗಿ ಎರಡೂ ಕಡಿಂದ...”

“ನಮ್ಮಪ್ಪ ಕಲ್ಲಗುಂಡಿನಂಗ ಅದಾನ!”

“ಕೆಲವರಿಗಿ ಏನೂ ಆಗದೇ ಒಳಗ ಇರ್ತದಂತ. ನಿನ್ನ ರಕ್ತ ತೋರಸು ಮಾವ. ಕೈ ಮುಗೀತೀನಿ!”

ಅವನು ಸಿಟ್ಟಿನಲ್ಲೇ ಅವಳ ಭಾರದ ಚೀಲ ತಾನು ಹೊತ್ತು ಮುಂದೆ ನಡೆದ.

ಮುಂದಿನ ತಿಂಗಳು, ಅಂಬಿಕಾ ತೋರಿಸಿಕೊಂಡಿದ್ದ ಹೈದರಾಬಾದಿನ ಆಸ್ಪತ್ರೆ. ಚೌಡೇಶನ ರಕ್ತದ ವರದಿ ಬಂದಿತ್ತು. ಡಾಕ್ಟರು ಕನ್ನಡಕ ತೆಗೆದು ಅವನನ್ನೇ ನೋಡಿದರು.

“ನಿಮ್ಮಲ್ಲೂ ಅದೇ ದೋಷ ಇದೆ, ಚೌಡೇಶ.”

ಅಂಬಿಕಾ ಗೋಡೆ ಹಿಡಿದುಕೊಂಡಳು. ತಾನೇ ಹೆದರಿದ್ದ ಮಾತು! ಆದರೂ ಕಿವಿ ನಂಬಲೊಲ್ಲದು... ಡಾಕ್ಟರು ತಾವೇ ಎದ್ದು ಅವಳಿಗೆ ಕುರ್ಚಿ ಎಳೆದುಕೊಟ್ಟರು.

“ಕೆಡುವ ಮುಂಚೆಯೇ ಗೊತ್ತಾಯಿತು. ಇನ್ನು ನಾವು ಕಾವಲಿರುತ್ತೇವೆ.”

ಹೊರಗೆ ಬೇವಿನ ನೆರಳಿನಲ್ಲಿ ಇಬ್ಬರೂ ಕುಳಿತರು.

“ನೀ ಬ್ಯಾರೆ ಯಾರರ ಅದಾರಂತ ಸುಳ್ಳು ಹೇಳಿ ಕಳಿಸಿದ್ರ... ನನಗ ಗೊತ್ತೇ ಆಗ್ತಿದ್ದಿಲ್ಲ,” ಎಂದ ಚೌಡೇಶ.

“ಹೇಳಾಕ ಬಾಯಿಗಿ ಬಂದಿತ್ತು ಮಾವ.” ಅವಳು ಬಿಕ್ಕಿದಳು. “ನೀ ಇರಬೇಕಂತ ಖರೇ ಹೇಳಿದೆ. ನೀ ಯಾರ ಜೋಡಿ ಇದ್ದರೂ ಸರಿ... ಇರಬೇಕು.”

“ನಿನ್ನ ಜೋಡಿನೇ ಇರ್ತೀನಿ.”

“ಕೂಸು?”

“ಅನಾಥಾಶ್ರಮದಾಗ ಎಷ್ಟು ಕೂಸು ಅವ್ವ-ಅಪ್ಪನ ದಾರಿ ನೋಡಾಕತ್ಯಾವ! ನಮ್ಮ ರಕ್ತಾನೇ ಆಗಬೇಕಂತ ಹಟ ಯಾಕ?”

ಅವಳು ಬೆರಗಾಗಿ ನೋಡಿದಳು. ‘ಇಂಥ ಮಾತು ಇವನಲ್ಲಿ ಎಲ್ಲಿತ್ತು?’

“ಒಂದೇ ಮಾತು ಅಂಬಿಕಾ. ಸೂಜಿ ಕಂಡ್ರ ನನಗ ಭಾಳ ಅಂಜಿಕಿ. ತಪಾಸಣಿಗಿ ಬಂದಾಗ ಮೊದಲ ನೀ ಚುಚ್ಚಿಸ್ಕೊ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. “ಬರೋಬ್ಬರಿ ಗಂಡು ನೀ!”

“ನಗು. ಆದ್ರ ನಮ್ಮಪ್ಪನ ಮುಂದ ಹೇಳಬ್ಯಾಡ.”

“ಹೇಳಂಗಿಲ್ಲ,” ಎಂದು ಅವಳು ಅವನ ಭುಜಕ್ಕೆ ತಲೆಯಿಟ್ಟಳು. “ನಿನ್ನಕಿಂತ ಮೊದಲ ನಾನೇ ಚುಚ್ಚಿಸ್ಕೋತೀನಿ.”