ಪಟ್ಟಿಯಲ್ಲಿ ಕಳೆದುಹೋದ ಕರಿಬಸಮ್ಮಂದಿರು

“ನನ್ನ ಹೆಂಗಸ್ರೆಲ್ಲ ಎಲ್ಲಿಗೆ ಹೋದ್ರು, ಹೇಳ್ರಿ!”

ರೂಪಶ್ರೀ ಪ್ರಿಂಟನ್ನು ಕೀಬೋರ್ಡಿನ ಮೇಲೆ ಒಗೆದಳು. ವಿನೋಬನಗರದ ಆ ಪುಟ್ಟ ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಸದ್ದು ನಿಂತಿತು.

ಕರಿಬಸವರಾಜ ತಲೆ ಎತ್ತಿದ. ಹರಿಹರದ ಹುಡುಗ, ಮಾತು ಕಡಿಮೆ. ಅವಳ ಎಂ.ಫಿಲ್ ಸಮೀಕ್ಷೆಯನ್ನು ಒಂದು ತಿಂಗಳಿಂದ ಕಂಪ್ಯೂಟರಿಗೆ ತುಂಬಿದವನು ಅವನೇ.

“ಯಾವ ಹೆಂಗಸ್ರು?”

“ಕಡರನಾಯಕನಹಳ್ಳಿಯೋರು! ನಾನು ಮಾತಾಡ್ಸಿದ್ದು ಎಂಬತ್ತು ಜನ. ನಿಮ್ಮ ಟೇಬಲ್‌ನಾಗೆ ಐವತ್ತೆರಡು. ಎಂಬತ್ತು ಅಂತ ಸುಳ್ಳು ಬರ್ದೀಯ ಅಂತಾರೆ ನಮ್ಮ ಗೈಡು. ಸಹಿ ಹಾಕಲ್ಲಂತೆ. ನಾಳೆ ಕೊನೇ ದಿನ! ಟೈಪ್ ಮಾಡೋಕೆ ಬ್ಯಾಸರಾಗಿ ಬಿಟ್ಬಿಟ್ರಾ?”

ಇವನನ್ನು ನಂಬಿದ್ದೆನಲ್ಲಾ... ಪಕ್ಕದಲ್ಲಿ ಕೂತು ಚಹಾ ಕುಡಿಯುವಾಗ ಎಷ್ಟು ಒಳ್ಳೆಯವನಂತೆ ಕಾಣುತ್ತಿದ್ದ!

ಅವನು ಪ್ರಿಂಟನ್ನು ಎತ್ತಿಕೊಂಡ. ಟೇಬಲ್ ನೋಡಿದ. ಊರುಗಳು ಕೆಳಗೆ ಕೆಳಗೆ. ನಾಟಿ, ಹೈನು, ಮಂಡಕ್ಕಿ ಭಟ್ಟಿ ಎಂಬ ಕೆಲಸಗಳು ಅಡ್ಡಕ್ಕೆ. ಎರಡೂ ಕೂಡುವ ಚೌಕದಲ್ಲಿ ಎಷ್ಟು ಜನ ಎಂಬ ಎಣಿಕೆ.

“ಅಲ್ಲಿ ಯಾರ್ಯಾರನ್ನ ಮಾತಾಡ್ಸಿದ್ರಿ?”

“ಕರಿಬಸಮ್ಮ, ಕೊಟ್ರಮ್ಮ, ನೀಲಕ್ಕ, ಭಟ್ಟಿ ಹತ್ರದ ಕರಿಬಸಮ್ಮ...” ಅದೇ ಹೆಸರು ಎರಡನೇ ಸಲ ಬಂದದ್ದು ಅವಳಿಗೇ ಕೇಳಿಸಿತು.

“ಒಂದೇ ಹೆಸರು ಎರಡು ಸಲ ಬಂದ್ರೆ ತೆಗೀರಿ ಅಂದೋರು ನೀವು. ಎಸ್‌ಪಿಎಸ್‌ಎಸ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಾಗೆ ತೆಗೆದೋನು ನಾನು. ನಮ್ಮ ಕಡೆ ಅದೇ ದೇವ್ರ ಹೆಸ್ರು ಮನೆಮನೆಗೂ ಇರ್ತೈತೆ. ನನ್ನ ಹೆಸ್ರೇ ಕರಿಬಸವರಾಜ, ನಂಗಾದ್ರೂ ಹೊಳೀಬಾರ್ದಿತ್ತಾ? ಇಬ್ರೂ ದಡ್ರು. ಕೂಡ್ರಿ, ಮನೆ ನಂಬರ್ ಓದ್ರಿ.”

ಅವಳು ಓದಿದಳು, ಅವನು ತುಂಬಿದ. ಕರೆಂಟ್ ಹೋಯಿತು, ಬಂತು. ಹೆಸರಿನ ಜೊತೆ ಮನೆ ನಂಬರನ್ನೂ ಹಿಡಿದು ಎಣಿಸಿದಾಗ ಭಟ್ಟಿಯ ಕರಿಬಸಮ್ಮ ಬಂದಳು, ಎಮ್ಮೆ ಕಟ್ಟಿದ ಕರಿಬಸಮ್ಮ ಬಂದಳು. ಎಂಬತ್ತು!

ಬೆಳಿಗ್ಗೆ ಬೈದದ್ದು ನೆನೆದು ರೂಪಶ್ರೀ ಅವನ ಕಡೆ ತಿರುಗಿದಳು. ಕ್ಷಮೆ ಕೇಳುವ ಮೊದಲೇ ಅವನು ಹೊಸ ಪ್ರಿಂಟ್ ಹಿಡಿದು ಚಪ್ಪಲಿ ಮೆಟ್ಟಿದ್ದ. “ನಡೀರಿ, ನಿಮ್ಮ ಗೈಡ್ ಹತ್ರ ನಾನೂ ಬರ್ತೀನಿ.”

ಗೈಡ್ ಶಿವಯೋಗಪ್ಪನವರು ಕನ್ನಡಕ ಏರಿಸುವಷ್ಟರಲ್ಲಿ ಅವನೇ ಹೇಳಿದ. “ತಪ್ಪು ನಂದು ಸರ್. ಇವ್ರು ನಿಜವಾಗ್ಲೂ ಮನೆಮನೆ ತಿರುಗ್ಯಾರೆ.”

“ಇಲ್ಲ ಸರ್, ತೆಗೀರಿ ಅಂದೋಳು ನಾನು!”

“ತೆಗೆಯೋ ಮುಂಚೆ ನಾನು ನೋಡ್ಬೇಕಿತ್ತು ಸರ್.”

“ಏ, ನಿಲ್ಸ್ರಪ್ಪಾ! ತಪ್ಪು ನಂದು ನಂದು ಅಂತ ಕಿತ್ತಾಡೋರನ್ನ ಇವತ್ತೇ ನೋಡಿದ್ದು.” ಅವರು ಟೇಬಲ್ಲಿನ ಮೊತ್ತಗಳನ್ನು ಎರಡು ಸಲ ಕೂಡಿ ನೋಡಿ ಸಹಿ ಹಾಕಿದರು.

ರಸ್ತೆಗೆ ಬಂದಾಗ ಅವಳ ಕಣ್ಣು ತುಂಬಿತ್ತು. “ಅಷ್ಟು ಬೈದೆ... ಆದ್ರೂ ನನ್ನ ಪರ ನಿಂತ್ರಿ. ಈ ಋಣ ನಾನು ಮರೆಯಲ್ಲ. ಯಾಕ ಬಂದ್ರಿ?”

ಅವನು ನೆಲ ನೋಡಿದ. “ಬೈದಾಗ ಸಿಟ್ಟು ಬರ್ಲಿಲ್ಲ. ಇನ್ಮೇಲೆ ನೀವು ಸೆಂಟರ್‌ಗೆ ಬರಲ್ಲ ಅಂತ ಹೆದ್ರಿಕೆ ಆತು.”

“ಕೆಲ್ಸ ಮುಗೀತಲ್ಲ. ಹೆಂಗೂ ಬರೋದಿಲ್ಲ.”

“ಗೊತ್ತೈತೆ... ಅದಕ್ಕೇ ಹೇಳ್ತಾ ಇದೀನಿ. ನೀವಂದ್ರೆ ನಂಗೆ ಇಷ್ಟ.”

ಹರಿಹರದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗಿದ. ಅವನು ಹತ್ತಲಿಲ್ಲ.

“ನಂಗೂ...” ಅಂದಳು ರೂಪಶ್ರೀ. ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು. “ಬಸ್ ಹೋತಲ್ರೀ!”

“ಇನ್ನೊಂದು ಐತೆ.”

“ಅದೂ ಹೋದ್ರೆ?”

“ನಡ್ಕೊಂಡು ಹೋಗ್ತೀನಿ. ನೀವು ಮಾತು ಪೂರ್ತಿ ಮಾಡ್ರಿ.”